ಬಸ್ತಿಗೆ ಬಸ್ಸು ಬಂದ ಬಗೆ

ಶಾಸಕರ ಜೊತೆ ಕೆಲಸ ಮಾಡುವವರು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವು ಬೆಳಗಿನ ಚಹಾಕ್ಕಿಂತ ಮೊದಲೇ ಮನೆಗೆ ಬಂದು ಕೂತಿರುತ್ತವೆ. ನಾನು ಹೈದರಾಬಾದಿನಲ್ಲಿ ಒಬ್ಬ ಶಾಸಕರ ಪಿ.ಎ. ಆಗಿದ್ದೆ. ಪಿ.ಎ. ಅಂದರೆ ಆಪ್ತ ಸಹಾಯಕ. ಅಂದರೆ ಅವರ ಫೋನು ಎತ್ತುವವನು, ಅವರ ಬದಲು ಬೈಸಿಕೊಳ್ಳುವವನು. ಇದನ್ನು ಮೊದಲೇ ಹೇಳದಿದ್ದರೆ ಮುಂದಿನದು ತಿಳಿಯಲಿಕ್ಕಿಲ್ಲ ಎಂದು ಹೇಳಿದೆ. ನಮ್ಮ ಸಾಹೇಬರ ಮನೆತನ ಬೀದರ್ ಕಡೆಯದು. ಹೊರಗೆ ತೆಲುಗು, ಮನೆಯಲ್ಲಿ ಮತ್ತು ಸಿಟ್ಟಿನಲ್ಲಿ ಕನ್ನಡ.

ಊರ ಪಶ್ಚಿಮಕ್ಕೆ ಗಾಜಿನ ಸಾಫ್ಟ್‌ವೇರ್ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಅವನ್ನು ಕಟ್ಟುವ ನಮ್ಮ ಕಡೆಯ ಕೂಲಿ ಮಂದಿ ಸಾಹೇಬರ ಕ್ಷೇತ್ರದ ಒಂದು ಬಸ್ತಿಯಲ್ಲಿದ್ದರು. ಬಸ್ತಿ ಅಂದರೆ ಬಡವರ ಮನೆಗಳು ಒತ್ತೊತ್ತಾಗಿರುವ ಓಣಿ. ಕೆಲಸದ ಕಡೆಗೆ ಹೋಗುವ ಅಮೀರ್‌ಪೇಟ್ ಬಸ್ಸು ಹಿಡಿಯಲು ಅವರು ಬುಟ್ಟಿ, ಸಲಿಕೆ ಹೊತ್ತು ದೂರದ ಮುಖ್ಯರಸ್ತೆಗೆ ನಡೆಯಬೇಕಿತ್ತು. ತಡವಾದರೆ ಮೇಸ್ತ್ರಿ ವಾಪಸ್ ಕಳಿಸುತ್ತಿದ್ದ. ಆ ದಿನದ ಕೂಲಿ ಇಲ್ಲ.

ಚುನಾವಣೆಯಲ್ಲಿ ಸಾಹೇಬರು ಮಾತು ಕೊಟ್ಟರು: "ಬಸ್ತಿ ಬಾಗಿಲಿಗೆ ಬಸ್ ತರ್ತೀನಿ. ತರಲಿಲ್ಲಂದ್ರ ಮತ್ತ ಓಟು ಕೇಳಾಕ ಬರಂಗಿಲ್ಲ."

ಒಬ್ಬ ಅಜ್ಜಿ ಅಂದಳು, "ಹಿಂದಿನವ್ರೂ ಹಿಂಗ ಅಂದಿದ್ರು. ಬಸ್ ಬರಲಿಲ್ಲ, ಅವ್ರು ಮಾತ್ರ ಮತ್ತ ಬಂದ್ರು."

ಅದು ಸಾಹೇಬರಿಗೆ ನಾಟಿತು. ಗೆದ್ದ ಮರುವಾರವೇ ಕೆಲಸ ಶುರು.

೧. ಅಡ್ಡ ನಿಂತವರು

ಸಾರಿಗೆ ಅಧಿಕಾರಿಯೂ ನಮ್ಮ ಕಡೆಯವರೇ. "ಬಸ್ ಒಳಗ ಬರ್ತದ್ರಿ, ತಿರುಗಾಕ ಜಾಗಾ ಇಲ್ಲ. ಯಾರೋ ಅಡ್ಡ ಕಟ್ಯಾರ" ಅಂದರು.

"ಯಾವ ಮಗ ಕಟ್ಯಾನ? ನಡೀರಿ, ಇವತ್ತ ಕೆಡವಸ್ತೀನಿ!" ಎಂದು ಸಾಹೇಬರು ಅವರನ್ನೂ ಕಾರಿಗೆ ಹತ್ತಿಸಿಕೊಂಡು ಹೊರಟರು.

ಅಡ್ಡ ಇದ್ದದ್ದು ಸಾಹೇಬರ ಹುಟ್ಟುಹಬ್ಬಕ್ಕೆ ಕಾರ್ಯಕರ್ತರು ನಿಲ್ಲಿಸಿದ ಕಬ್ಬಿಣದ ಕಮಾನು. ಮೇಲೆ ಆಳೆತ್ತರದ ಕಟೌಟಿನ ಸಾಹೇಬರು ಕೈ ಮುಗಿದು ನಗುತ್ತಿದ್ದರು. ಕೆಳಗಿನ ಸಾಹೇಬರು ನಗಲಿಲ್ಲ. ಅಧಿಕಾರಿ ಸುಮ್ಮನೆ ಕೆಮ್ಮಿದರು.

"ಕೆಡವ್ರಿ" ಅಂದರು ಸಾಹೇಬರು.

ಕಮಾನು ಕಟ್ಟಿಸಿದ ಕಾರ್ಯಕರ್ತ ಕಂಬ ಅಪ್ಪಿಕೊಂಡು ಅತ್ತ: "ಅಣ್ಣಾ, ನಾನಿರೋ ತನಕ ನೀವು ಬೀಳಬಾರದು!"

"ಲೇ, ನಾ ಇಲ್ಲೇ ನಿಂತೀನಿ. ಬೀಳಾಂವ ಅಂವ!"

೨. ಸಭಾತ್ಯಾಗ

ಸಭಾತ್ಯಾಗ ಅಂದರೆ ಸಿಟ್ಟು ತೋರಿಸಲು ಶಾಸಕರು ಸದನದಿಂದ ಎದ್ದು ಹೋಗುವುದು. ಕಮಾನು ಬಿದ್ದು ಜಾಗವಾಯಿತು, ಆದರೆ ಬಸ್ಸು ಕೊಡಲು ಸಾರಿಗೆ ಮಂತ್ರಿಗಳು ಒಪ್ಪಬೇಕಿತ್ತು. ಸದನದಲ್ಲಿ ಸಾಹೇಬರ ಬಸ್ಸಿನ ಪ್ರಶ್ನೆ ಬರಬೇಕು, ಅಷ್ಟರಲ್ಲಿ ಅವರ ಪಕ್ಷವೇ ಬೇರೇನೋ ವಿಷಯಕ್ಕೆ ಎದ್ದು ಹೊರಟಿತು. ಸಾಹೇಬರೂ ಘೋಷಣೆ ಕೂಗುತ್ತ ಹೋದರು. ನಾನು ಮೇಲೆ ಪ್ರೇಕ್ಷಕರ ಸಾಲಿನಲ್ಲಿ ತಲೆ ಹಿಡಿದು ಕೂತೆ. ಬಸ್ಸು ಹೋಯಿತು ಅಂದುಕೊಳ್ಳುವಷ್ಟರಲ್ಲಿ ಸಾಹೇಬರು ಇನ್ನೊಂದು ಬಾಗಿಲಿನಿಂದ ಒಳಬಂದು ತಮ್ಮ ಜಾಗದಲ್ಲಿ ನಿಂತಿದ್ದರು.

ಸಭಾಧ್ಯಕ್ಷರು ಕೇಳಿದರು (ತೆಲುಗಿನಲ್ಲಿ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ): "ತಾವು ಈಗ ತಾನೇ ಹೊರಗೆ ಹೋದಿರಲ್ಲ?"

"ಹೋದದ್ದು ಪಕ್ಷದ ಕೆಲಸಕ್ಕೆ. ಅದು ಮುಗಿಯಿತು. ಇದು ಬಸ್ತಿಯ ಕೆಲಸ."

ಇಡೀ ಸದನ ನಕ್ಕಿತು. ಮಂತ್ರಿಗಳು ನಗುತ್ತಲೇ ಒಂದು ಬಸ್ಸಿಗೆ ಒಪ್ಪಿದರು.

ಆ ಸಂಜೆ ಪಕ್ಷದ ಹಿರಿಯರು ಫೋನ್ ಮಾಡಿ ಬಾಯಿ ನೋಯುವ ತನಕ ಬೈದರು. ನನ್ನನ್ನು. ಪಿ.ಎ. ಕೆಲಸ ಏನೆಂದು ಮೇಲೆಯೇ ಹೇಳಿದ್ದೇನೆ.

೩. ಮೊದಲ ಬಸ್ಸು

ಅಧಿಕಾರಿ ಒಂದು ಷರತ್ತು ಹಾಕಿದ್ದರು: "ಟಿಕೆಟ್ ತಗೊಳ್ಳೋ ಮಂದಿ ಹತ್ತಬೇಕ್ರಿ. ಖಾಲಿ ಓಡಿದ್ರ ನಾಳಿಂದ ಬಂದ್."

ಬೆಳಿಗ್ಗೆ ಬಸ್ಸು ಬಂತು. ತೆಂಗಿನಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟು ಸಾಹೇಬರು ಹತ್ತಿದರು. ಹಿಂದೆಯೇ ಕಾರ್ಯಕರ್ತರೆಲ್ಲ ನುಗ್ಗಿದರು. ನಾಯಕರು ಹೋದ ಕಡೆ ಹೋಗುವುದೇ ಅವರ ಕೆಲಸವಲ್ಲವೇ? ನಮ್ಮ ಕಾರಿನ ಡ್ರೈವರ್ ಕೂಡ ಹತ್ತಿ ಹಿಂದಿನ ಸೀಟಿನಲ್ಲಿ ಕೂತ. ಕೂಲಿ ಮಂದಿ ಬುಟ್ಟಿ ಹಿಡಿದು ಕೆಳಗೇ ನಿಂತರು.

"ಟಿಕೆಟ್!" ಅಂದ ಕಂಡಕ್ಟರ್.

"ನಾವು ಅಣ್ಣನ ಮಂದಿ!" ಎಂದಿತು ಇಡೀ ಬಸ್ಸು.

ಸಾಹೇಬರಿಗೆ ಅಧಿಕಾರಿಯ ಷರತ್ತು ನೆನಪಾಯಿತು. "ಎಲ್ಲಾರೂ ಇಳೀರಿ!" ಎಂದು ಕೂಗಿದರು. ಪ್ರತಿಯೊಬ್ಬನೂ ಪಕ್ಕದವನಿಗೆ "ಇಳಿಯೋ, ಅಣ್ಣ ಹೇಳಾಕತ್ತಾರ" ಅಂದ. ಯಾರೂ ಇಳಿಯಲಿಲ್ಲ. ಕೊನೆಗೆ ಸಾಹೇಬರೇ ಇಳಿದರು. ತಕ್ಷಣ ಜಿಂದಾಬಾದ್ ಕೂಗುತ್ತ ಎಲ್ಲರೂ ಹಿಂದೆ ಇಳಿದರು. ಕೂಲಿ ಮಂದಿ ಟಿಕೆಟ್ ಕೇಳುತ್ತ ಹತ್ತಿ ಬಾಗಿಲವರೆಗೂ ತುಂಬಿದರು. ಸಾಹೇಬರು ಖುಷಿಯಿಂದ ಮತ್ತೆ ಮೆಟ್ಟಿಲ ಮೇಲೆ ಕಾಲಿಟ್ಟರು. ಕಾರ್ಯಕರ್ತರೂ ಪಂಚೆ ಎತ್ತಿ ಕಟ್ಟಿದರು.

ಬಾಗಿಲಲ್ಲಿದ್ದ ಹೆಣ್ಣುಮಗಳು ಕೈ ಅಡ್ಡ ಹಿಡಿದಳು. "ಸಾಹೇಬ್ರ, ನಿಮ್ಮ ಕಾಲು ಬೀಳ್ತೀನಿ, ನೀವು ಹತ್ತಬ್ಯಾಡ್ರಿ. ಮೇಸ್ತ್ರಿ ಕಾಯಾಕತ್ತಾನ."

ಸಾಹೇಬರು ಕಾಲು ತೆಗೆದರು. ಬಸ್ಸು ಹೊರಟಿತು. ಜನರ ನಡುವೆ ಸಿಕ್ಕಿ ಇಳಿಯಲಾಗದ ನಮ್ಮ ಡ್ರೈವರ್ ಹಿಂದಿನ ಕಿಟಕಿಯಿಂದ ಕೈ ಬೀಸುತ್ತಿದ್ದ. ಕೈಯಲ್ಲಿ ಕಾರಿನ ಕೀಲಿ ಇತ್ತು.

ಮುಖ್ಯರಸ್ತೆವರೆಗೂ ನಡೆದೆವು. ತಲುಪಿದ ಮೇಲೆ ಸಾಹೇಬರು ಬೆವರು ಒರೆಸಿಕೊಂಡು ನನ್ನ ಫೋನಿನಿಂದ ಅಧಿಕಾರಿಗೆ ಹಚ್ಚಿದರು.

"ಒಂದು ಬಸ್ ಸಾಲಂಗಿಲ್ಲ. ಇನ್ನೊಂದು ಬೇಕು. ನಾಳೇನ ಬೇಕು."

"ಅಷ್ಟು ತುಂಬಿತ್ತೇನ್ರಿ? ಕಾರ್ಯಕರ್ತರ ಮಾತು ನಂಬಬ್ಯಾಡ್ರಿ. ನೀವು ಸ್ವತಃ ನೋಡೀರೇನು?"

"ನೋಡೋದೇನ್ರೀ! ನನಗ ಜಾಗಾ ಸಿಗದ ನಡಕೊಂಡ ಬಂದೀನಿ!"