ನಮ್ಮವ್ವನ ಕಣದಲ್ಲಿ ಇಳಿಯದೆ ಹೋದವರಿಗೆ

ಆಕಾಶಮಾರ್ಗದಲ್ಲಿ ಸಂಚರಿಸುವ ತಟ್ಟೆಯಾಕಾರದ ವಾಹನದ ಮಾನ್ಯ ಚಾಲಕರೇ ಮತ್ತು ಮಾನ್ಯ ಸಹಪ್ರಯಾಣಿಕರೇ,

ಗುಂಡ್ಲುಪೇಟೆ ತಾಲ್ಲೂಕಿನ ಒಂದು ಸಣ್ಣ ಊರಿನ ಅಂಚೆ ಕಚೇರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಪೋಸ್ಟ್ ಮಾಸ್ಟರ್ ಆಗಿರುವ ಗುರುಪಾದಸ್ವಾಮಿಯ ನಮಸ್ಕಾರಗಳು. ತಾವೂ ತಮ್ಮ ಗ್ರಹದ ಸಮಸ್ತರೂ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರವನ್ನು ರಿಜಿಸ್ಟರ್ ಮಾಡಿ ಕಳಿಸುವುದೇ ಕ್ರಮವಾಗಿತ್ತು. ತಮ್ಮ ಪಿನ್‌ಕೋಡ್ ಯಾವ ಪುಸ್ತಕದಲ್ಲೂ ಸಿಗದ ಕಾರಣ ಹೀಗೆ ಪತ್ರಿಕೆಯ ಮೂಲಕ ಬಹಿರಂಗವಾಗಿ ಬರೆಯಬೇಕಾಯಿತು, ಮನ್ನಿಸಬೇಕು.

ನಡೆದದ್ದನ್ನು ನಡೆದಂತೆ ತಿಳಿಸುತ್ತೇನೆ. ಕಳೆದ ಸೋಮವಾರ ಸಂಜೆ ಏಳು ಗಂಟೆ ಹತ್ತು ನಿಮಿಷಕ್ಕೆ ನಮ್ಮೂರ ಬಸ್‌ಸ್ಟಾಪಿನಲ್ಲಿದ್ದ ಹನ್ನೊಂದು ಮಂದಿ ಬಂಡೀಪುರದ ದಿಕ್ಕಿನಲ್ಲಿ ಒಂದು ಬೆಳಕು ಕಂಡರು. ಆ ಹನ್ನೊಂದರಲ್ಲಿ ನಾನೂ ಒಬ್ಬ. ಅದು ಏನೆಂದು ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯುವುದು ನನ್ನ ಅಭ್ಯಾಸ. ತಾವೇ ಆಗಿದ್ದಲ್ಲಿ, ರಾತ್ರಿ ಒಂಬತ್ತಕ್ಕೆ ಕಾಡಿನ ಗೇಟು ಹಾಕುವುದರೊಳಗೆ ದಾಟಿಹೋದ ತಮ್ಮ ಸಮಯಪ್ರಜ್ಞೆಗೆ ಅಭಿನಂದನೆಗಳು. ನಮ್ಮ ಈರುಳ್ಳಿ ಲಾರಿಗಳವರು ಇದನ್ನು ಇನ್ನೂ ಕಲಿತಿಲ್ಲ.

ತೊಂದರೆ ಶುರುವಾದದ್ದು ಮಂಗಳವಾರ ಬೆಳಿಗ್ಗೆ. ನಮ್ಮೂರಿನ ಕನಕರಾಜು ಎಂಬುವವನು ಮದುವೆಗಳಲ್ಲಿ ಡ್ರೋನ್ ಹಾರಿಸಿ ವಿಡಿಯೋ ತೆಗೆಯುವವನು. ಬೆಳಕು ಎಲ್ಲಿ ಇಳಿದಿರಬಹುದೆಂದು ಡ್ರೋನ್ ಹಾರಿಸಿ ಹುಡುಕಿದ ಅವನಿಗೆ ನನ್ನ ಹೊಲದ ಮೂಲೆಯಲ್ಲಿ ಮೂವತ್ತು ಅಡಿ ಅಗಲದ ಒಂದು ವೃತ್ತ ಕಾಣಿಸಿತು. ಒಂದು ಗರಿಕೆಯೂ ಇಲ್ಲದಷ್ಟು ನುಣುಪಾದ ನೆಲ, ಅದರ ಮೇಲೆ ಹಸಿರು ಛಾಯೆಯ 'ಅಪರಿಚಿತ ಲೇಪನ', ನಟ್ಟನಡುವೆ ಒಂದು ಆಳವಾದ ಕುಳಿ. ಮಧ್ಯಾಹ್ನದೊಳಗೆ ಆ ವಿಡಿಯೋವನ್ನು ಸಂತೆಮರಹಳ್ಳಿಯಿಂದ ಸುಲ್ತಾನ್ ಬತ್ತೇರಿಯವರೆಗೆ ಎಲ್ಲರೂ ನೋಡಿದ್ದರು.

ಮಾನ್ಯರೇ, ಅದು ಕಣ. ಒಕ್ಕಣೆ ಮಾಡುವ ಕಣ. ನನ್ನ ತಾಯಿ, ಎಪ್ಪತ್ತೊಂಬತ್ತು ವರ್ಷದ ಪುಟ್ಟಮಲ್ಲಮ್ಮನವರು, ನನ್ನಿಂದ ಮೂರು ದಿನ ರಜೆ ಹಾಕಿಸಿ, ನೆಲ ಕೆತ್ತಿಸಿ, ನೀರು ಹಾಕಿಸಿ, ದಿಮ್ಮಿಸಿಯಲ್ಲಿ ಬಡಿಸಿ, ಸಗಣಿಯ ಬಗ್ಗಡ ಬಳಿಸಿ ಮಾಡಿದ್ದು. ನಡುವಿನ ಕುಳಿ ಮೇಟಿಗೆಂದು, ಅಂದರೆ ಹಿಂದೆಲ್ಲ ಎತ್ತು ಕಟ್ಟಿ ಸುತ್ತಲೂ ಕಾಳು ತುಳಿಸುತ್ತಿದ್ದ ನಡುಗಂಬಕ್ಕೆಂದು ತೋಡಿದ್ದು. ನಮ್ಮೂರಿನವರು ಇಪ್ಪತ್ತೈದು ವರ್ಷಗಳಿಂದ ರಾಗಿಯನ್ನೂ ಹುರುಳಿಯನ್ನೂ ಟಾರು ರಸ್ತೆಯ ಮೇಲೆ ಹರಡಿ ಬಸ್ಸು ಲಾರಿಗಳ ಚಕ್ರದಲ್ಲೇ ಒಕ್ಕಣೆ ಮುಗಿಸುತ್ತಾರೆ. ಹೋದ ವರ್ಷ ಹುರುಳಿ ಸಾರಿನಲ್ಲಿ ಜಲ್ಲಿಯ ಚೂರು ಸಿಕ್ಕಿ, ಅವ್ವನಿಗೆ ಉಳಿದಿದ್ದ ಎರಡು ಹಲ್ಲಿನಲ್ಲಿ ಒಂದು ಹೋಯಿತು. ಉಳಿದೊಂದನ್ನು ಕಾಪಾಡಿಕೊಳ್ಳಲು ಮಾಡಿಸಿದ ಕಣವಿದು. ಆದರೆ ಊರಿನಲ್ಲಿ ಮೂವತ್ತು ದಾಟದ ಒಬ್ಬರೂ ಕಣವನ್ನು ಕಣ್ಣಾರೆ ಕಂಡವರಲ್ಲ. ಕಂಡಿದ್ದ ಹಿರಿಯರು ಕನಕರಾಜುವಿನ ವಿಡಿಯೋದಲ್ಲಿ ಮುಖ ಬರುವ ಆಸೆಗೆ ಮರೆತರು.

ಬುಧವಾರದ ಹೊತ್ತಿಗೆ 'ಅನ್ಯಲೋಕದ ಅತಿಥಿಗಳ ಸ್ವಾಗತ ಸಮಿತಿ' ರಚನೆಯಾಗಿ, ಕಣದ ಸುತ್ತ ಕೆಂಪು ಬಿಳಿ ಟೇಪು ಕಟ್ಟಿ, ಮೈಸೂರಿನಿಂದ ವಿಜ್ಞಾನಿಗಳು ಬರುವವರೆಗೆ ಏನನ್ನೂ ಮುಟ್ಟಕೂಡದೆಂದು ತೀರ್ಮಾನವಾಯಿತು. ನಾನು ಸತ್ಯ ಹೇಳಹೋದರೆ ಕನಕರಾಜು ನನ್ನನ್ನು ಪಕ್ಕಕ್ಕೆ ಕರೆದು, "ಅಣ್ಣೋ, ನಿಮ್ಮವ್ವ ಸಗಣಿ ಬಳ್ದದ್ದು ಅಂದ್ರೆ ಯಾರ್ ನೋಡಾರು? ಊರಿಗೆ ಒಂದ್ ಎಸ್ರು ಬತ್ತಾ ಅದೆ, ಸುಮ್ಕಿರಿ" ಎಂದು ಬುದ್ಧಿ ಹೇಳಿದನು. ಚೆಂಡುಹೂವಿನ ಹೊಲ ಹುಡುಕಿಕೊಂಡು ಬಂದ ಕೇರಳದ ಕಾರುಗಳೂ ಇಲ್ಲೇ ನಿಂತವು. ಎಲ್ಲರೂ ಟೇಪಿನ ಕೆಳಗೆ ನುಸುಳಿ, ಬೂಟು ಚಪ್ಪಲಿಗಳ ಸಮೇತ ಕಣದೊಳಗೆ ಫೋಟೋ ತೆಗೆಸಿಕೊಂಡರು. ಕಣಕ್ಕೆ ಚಪ್ಪಲಿ ಕಾಲಿಡುವುದನ್ನು ಅವ್ವ ಜನ್ಮದಲ್ಲಿ ಕಂಡವಳಲ್ಲ. "ಮೆಟ್ಟು ಬುಟ್ಟು ಬಾರ್ಲಾ ಮೂದೇವಿ! ಅನ್ನ ಬೀಳೊ ಜಾಗ ಕಣ್ಲಾ ಅದು!" ಎಂದು ಅವಳು ಕೂಗಿದ್ದನ್ನು ಸ್ಥಳೀಯರ ಭಕ್ತಿಯೆಂದು ತಿಳಿದು ಅದನ್ನೂ ಚಿತ್ರಿಸಿಕೊಂಡರು.

ಪಕ್ಕದಲ್ಲೇ ಹುರುಳಿಯ ಮೆದೆ ಒಣಗಿ ನಿಂತಿದೆ. ಕಾಯಿ ಎಷ್ಟು ಒಣಗಿದೆಯೆಂದರೆ ಮುಟ್ಟಿದರೆ ಸಿಡಿಯುತ್ತದೆ. ಗುರುವಾರ ಸಂಜೆ ಅಕಾಲ ಮಳೆ ಎಂದು ಪತ್ರಿಕೆಯಲ್ಲಿ ಬಂದಿದೆ. ನೆನೆದರೆ ಅವ್ವನ ಒಂದು ವರ್ಷದ ಹುರುಳಿ ಮೆದೆಯಲ್ಲೇ ಮೊಳೆಯುತ್ತದೆ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಗುರುವಾರ ಬೆಳಿಗ್ಗೆ ಹತ್ತರೊಳಗೆ ನಮ್ಮೂರಿಗೆ ಒಮ್ಮೆ ಇಳಿದು, 'ನಾವು ಇಲ್ಲಿ ಇಳಿದಿಲ್ಲ' ಎಂಬ ಹೇಳಿಕೆಯನ್ನು ಎರಡು ಪ್ರತಿಗಳಲ್ಲಿ ಸಹಿ ಮಾಡಿ ಕೊಡಬೇಕಾಗಿ ಪ್ರಾರ್ಥನೆ. ಸಹಿ ಬಾರದಿದ್ದರೆ ಹೆಬ್ಬೆಟ್ಟೂ ನಡೆಯುತ್ತದೆ. ಹೆಬ್ಬೆಟ್ಟು ಇಲ್ಲದಿದ್ದರೆ ಇರುವುದನ್ನೇ ಒತ್ತಬಹುದು.

ಇಷ್ಟು ಬರೆದು ನಿನ್ನೆ ನಿಲ್ಲಿಸಿದ್ದೆ. ಇಂದು ಗುರುವಾರ, ತಾವು ಬರಲಿಲ್ಲ. ಹತ್ತೂವರೆಗೆ ಅವ್ವ ಟೇಪು ದಾಟಿ ಹೋಗಿ, ಕುಳಿಯಲ್ಲಿ ಮೇಟಿ ನೆಟ್ಟು, ಕಣ ಹೂಡುವಾಗ ಎಂದೂ ಮಾಡುವಂತೆ ಅದಕ್ಕೆ ವಿಭೂತಿ ಬಳಿದು, ಹೂ ಸಿಕ್ಕಿಸಿ, ಸುತ್ತಲೂ ಮೊಣಕಾಲುದ್ದ ಹುರುಳಿ ಗಿಡ ಹರಡಿದಳು. ಸಾಕ್ಷ್ಯ ಹಾಳಾಯಿತೆಂದು ಓಡಿಬಂದ ಸಮಿತಿಯವರು ವಿಭೂತಿ ಕಂಡು ತಡೆದು ನಿಂತರು. "ಏನಜ್ಜಿ ಇದು?" ಎಂದ ಕನಕರಾಜುವಿಗೆ ಅವಳು ಒಂದೂ ಸುಳ್ಳು ಹೇಳಲಿಲ್ಲ. "ಮೇಟಿ ಕಣ್ಲಾ. ಸುತ್ತದು. ಬರೀ ಕಾಲಲ್ಲಿ, ಚೆನ್ನಾಗಿ ಕಾಲೂರಿ ತುಳೀತಾ ಸುತ್ತಬೇಕು" ಎಂದಳು, ಅಷ್ಟೇ. ಅವನು ಅದನ್ನೇ ಮೈಕಿನಲ್ಲಿ ಕೂಗಿದನು.

ಸುಮಾರು ಮುನ್ನೂರು ಜನ ಚಪ್ಪಲಿ ಬಿಟ್ಟು, ಕೈ ಮುಗಿದುಕೊಂಡು ಸುತ್ತಿದರು. ಸಮಿತಿಯ ಅಧ್ಯಕ್ಷನೆಂಬ ಹೊಣೆಗೆ ಕನಕರಾಜುವೊಬ್ಬನೇ ಇಪ್ಪತ್ತೊಂದು ಸುತ್ತು ಹಾಕಿದನು. ಅವ್ವ ಕವೆಗೋಲಿನಲ್ಲಿ ಗಿಡ ತಿರುವಿ ಹಾಕುತ್ತಾ, "ಎತ್ತು ಮಾರಿ ಒಂಬತ್ತು ವರ್ಸ ಆಯ್ತು, ಇಂತಾ ಜೊತೆ ಸಿಕ್ಕಿರ್ನಿಲ್ಲ ಕಣಪ್ಪ" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದಳು. ನಾಲ್ಕು ಗಂಟೆಗೆ ಹೊಟ್ಟು ಬೇರೆ, ಕಾಳು ಬೇರೆ. ಐದೂವರೆಗೆ ಮೊದಲ ಹನಿ ಬಿದ್ದಾಗ ಮೂರು ಮೂಟೆ ಹುರುಳಿ ನಮ್ಮ ಪಡಸಾಲೆಯಲ್ಲಿತ್ತು. ಒಂದು ಕಲ್ಲೂ ಇರಲಿಲ್ಲ.

ಇಂತಿ, ತಮ್ಮನ್ನು ಇನ್ನೂ ನಂಬದಿದ್ದರೂ ತಮಗೆ ಅತ್ಯಂತ ಋಣಿಯಾಗಿರುವ ವಿಶ್ವಾಸಿ,
ಗುರುಪಾದಸ್ವಾಮಿ

ವಿ.ಸೂ.: ಹೇಳಿಕೆ ಕೇಳಿದ್ದನ್ನು ಈ ಮೂಲಕ ಹಿಂಪಡೆದಿದ್ದೇನೆ. ಇಳಿದಿಲ್ಲವೆಂದು ತಾವು ಯಾರಿಗೂ ಹೇಳುವುದು ಬೇಡ. ತಮಗೆ ತಲಾ ಆರು ಕಾಲುಗಳಿವೆಯೆಂದು ಯೂಟ್ಯೂಬಿನಲ್ಲಿ ಕೇಳಿ ಅವ್ವ ಬಹಳ ಸಂತೋಷಪಟ್ಟಿದ್ದಾಳೆ. ಬರುವ ವರ್ಷ ರಾಗಿಯೂ ಇದೆ, ತಪ್ಪದೆ ಸಕುಟುಂಬ ಬರಬೇಕು. ಮೆಟ್ಟುಗಳನ್ನು ಮಾತ್ರ ವಾಹನದಲ್ಲೇ ಬಿಟ್ಟು ಇಳಿಯತಕ್ಕದ್ದು.