ಒಂದೇ ಟನ್ನು

ಎಲ್ಲ ಶುರುವಾದದ್ದು ಒಂದು ಫೋನಿನಿಂದ. "ಗಾಡಿಗೆ ಎಷ್ಟು ಲೋಡ್ ಹಾಕ್ತೀರಿ?" ಎಂದು ದಾವಣಗೆರೆಯ ಸ್ಪ್ರಿಂಗ್ ಅಂಗಡಿಯವನು ಕೇಳಿದ. ಸೊರಬದ ಚನ್ನೇಶ್ ಒಂದು ಕ್ಷಣವೂ ಯೋಚಿಸದೆ, "ಒಂದೇ ಟನ್ನು" ಎಂದ.

ಇದನ್ನು ಸುಳ್ಳು ಎನ್ನುವುದಕ್ಕಿಂತ ಅಭ್ಯಾಸ ಎನ್ನಬೇಕು. ಹನ್ನೆರಡು ವರ್ಷದಿಂದ ಪಿಕಪ್ ಓಡಿಸುತ್ತಿದ್ದ ಚನ್ನೇಶನನ್ನು 'ಎಷ್ಟು ಲೋಡ್' ಎಂದು ಕೇಳಿದವರೆಲ್ಲ ಒಂದೋ ಖಾಕಿ ಹಾಕಿದವರು, ಇಲ್ಲವೇ ಖಾಕಿ ಹಾಕಿದವರಿಗೆ ಬೇಕಾದವರು. ಗಾಡಿಯ ಆರ್‌ಸಿಯಲ್ಲಿ ಬರೆದದ್ದು ಒಂದು ಟನ್. ಗಾಡಿಯ ಮೇಲೆ ಬೀಳುತ್ತಿದ್ದದ್ದು ಎರಡು ಟನ್. ಬಾಯಿಂದ ಬರುತ್ತಿದ್ದದ್ದು ಮಾತ್ರ ಯಾವಾಗಲೂ ಆರ್‌ಸಿಯ ಮಾತೇ. ಹೆಂಡತಿ ಗಂಗಾಶ್ರೀ ಒಮ್ಮೆ ಅನ್ನ ಬಡಿಸುತ್ತ ಇವತ್ತು ಎಷ್ಟು ಲೋಡಿತ್ತು ಎಂದು ಸುಮ್ಮನೆ ಕೇಳಿದ್ದಕ್ಕೂ ಒಂದೇ ಟನ್ನು ಎಂದುಬಿಟ್ಟು, ಆಮೇಲೆ ತಾನೇ ನಾಚಿಕೊಂಡಿದ್ದ.

ಸ್ಪ್ರಿಂಗ್ ಬೇಕಾದದ್ದು ಶೋಕಿಗಲ್ಲ. ಕ್ಯಾಸನೂರು ಕಡೆಯ ಶುಂಠಿ ಹೊಲಗಳಿಗೆ ಹೋಗುವ ದಾರಿಯಲ್ಲಿ ಗಾಡಿಯ ಹೊಟ್ಟೆ ನೆಲಕ್ಕೆ ಉಜ್ಜುತ್ತಿತ್ತು. ಅದಕ್ಕೆ ಹಳೆಯ ಕಮಾನು ಪಟ್ಟಿಗಳನ್ನು ತೆಗೆಸಿ ಗಾಡಿಯನ್ನು ಮೂರು ಇಂಚು ಎತ್ತರಿಸಿ, ಕಾಯಿಲ್‌ಓವರ್ ಹಾಕಿಸುವುದೆಂದು ಚನ್ನೇಶ್ ತೀರ್ಮಾನಿಸಿದ್ದ. ಅಂದರೆ ಶಾಕ್ ಅಬ್ಸಾರ್ಬರಿನ ಸುತ್ತ ಸುತ್ತಿಕೊಂಡ ದಪ್ಪ ಸುರುಳಿ ಸ್ಪ್ರಿಂಗು, ಅದರ ಬುಡದಲ್ಲೊಂದು ರಿಂಗು. ರಿಂಗು ಬಿಗಿ ಮಾಡಿದರೆ ಗಾಡಿ ಮೇಲೇಳುತ್ತದೆ, ಸಡಿಲ ಮಾಡಿದರೆ ಕೂರುತ್ತದೆ. ಅಂಗಡಿಯವನು ಒಂದು ಟನ್ನಿಗೆ ತಕ್ಕ ಸ್ಪ್ರಿಂಗನ್ನೇ ಕಳಿಸಿದ. ಶಿರಾಳಕೊಪ್ಪದ ಮೆಕ್ಯಾನಿಕ್ ಸುರೇಂದ್ರ ಅದನ್ನು ಕೂರಿಸಿಕೊಟ್ಟ. ಖಾಲಿ ಗಾಡಿ ಎಷ್ಟು ಎತ್ತರ ನಿಂತಿತೆಂದರೆ, ಹತ್ತಿ ಕೂರಲು ಗಂಗಾಶ್ರೀ ಅಡುಗೆಮನೆಯ ಸ್ಟೂಲು ತರಬೇಕಾಯಿತು. ತವರಿಗೆ ಹೋಗುವಾಗ ಸ್ಟೂಲನ್ನೂ ಕಟ್ಟಿಕೊಂಡು ಹೋಗಬೇಕಾ ಎಂದು ಅವಳು ಕೇಳಿದಳು.

ಮರುದಿನ ಬೆಳಿಗ್ಗೆ ಶುಂಠಿ ವ್ಯಾಪಾರಿ ಪರಮಶಿವಪ್ಪನವರ ಕಣದಲ್ಲಿ ಮೂವತ್ತೆರಡು ಚೀಲ ಬಿದ್ದವು. ಇಪ್ಪತ್ತನೇ ಚೀಲಕ್ಕೆ ಗಾಡಿ ನಿಟ್ಟುಸಿರು ಬಿಟ್ಟಿತು. ಮೂವತ್ತೆರಡನೆಯದಕ್ಕೆ ಹಿಂದಿನ ಚಕ್ರ ಮಡ್‌ಗಾರ್ಡಿನೊಳಗೆ ಅಡಗಿಕೊಂಡಿತು. ಪರಮಶಿವಪ್ಪನವರು ಚಕ್ರವನ್ನೊಮ್ಮೆ, ಚನ್ನೇಶನನ್ನೊಮ್ಮೆ ನೋಡಿದರು.

"ಮೂರು ಗಂಟೆಗೆ ಶಿಕಾರಿಪುರದಿಂದ ಡೆಲ್ಲಿ ಲಾರಿ ಹೊರಡ್ತದೆ. ಅಷ್ಟರೊಳಗೆ ಮಾಲು ಮುಟ್ಟಿದ್ರೆ ಈ ಸೀಸನ್ ಬಾಡಿಗೆ ಪೂರ್ತಿ ನಿನ್ನದು. ಇಲ್ಲದಿದ್ರೆ ಈಶ್ವರನ ಗಾಡಿ ನೋಡ್ತೀನಿ" ಎಂದರು.

ಈಶ್ವರನ ಹೆಸರು ಕೇಳಿದರೇ ಚನ್ನೇಶನ ಮೈ ಉರಿಯುತ್ತಿತ್ತು. ಬಾಡಿಗೆಗೆ ಪೈಪೋಟಿ ಮಾಡುವ ಈಶ್ವರನ ಹಳೇ ಪಿಕಪ್ಪಿನ ಕಮಾನು ಪಟ್ಟಿಗಳು ಅಪ್ಪನ ಕಾಲದವು, ಆದರೂ ಬಗ್ಗಿರಲಿಲ್ಲ. ಚನ್ನೇಶ್ ತಾಡಪಾಲು ಎಳೆದು ಹಗ್ಗ ಬಿಗಿದು ಹೊರಟ. ಪಕ್ಕದ ಸೀಟಿನಲ್ಲಿ ಲೋಕಪ್ಪ ಕೂತಿದ್ದ. ಕುರಿ ಸಾಕುವ ಹಿರಿಯ ಲೋಕಪ್ಪನಿಗೆ ಶಿಕಾರಿಪುರದಲ್ಲಿ ಒಬ್ಬರಿಗೆ ಟಗರು ಒಪ್ಪಿಸುವುದಿತ್ತು. ಟಗರನ್ನು ಮಂಡಿಗಳ ನಡುವೆ ಇಟ್ಟುಕೊಂಡು, ಗಾಡಿ ಭಾಳ ಬಗ್ಗೈತಲ್ಲ ಎಂದು ಅವನು ಹೊರಡುವ ಮೊದಲೇ ಎರಡು ಸಲ ಹೇಳಿದ್ದ.

ಒಂದು ಕಿಲೋಮೀಟರ್ ಹೋಗುವುದರೊಳಗೆ ಚಕ್ರ ಉಜ್ಜಿ ಹೊಗೆ ಬಂತು. ಚನ್ನೇಶ್ ಗಾಡಿ ನಿಲ್ಲಿಸಿ ದಾವಣಗೆರೆಗೆ ಫೋನು ಹಚ್ಚಿದ. ಇದೇನು ಸ್ಪ್ರಿಂಗೋ ಬಾಲ್‌ಪೆನ್ನಿನ ಒಳಗಿನ ತಂತಿಯೋ ಎಂದು ಜೋರು ಮಾಡಿದ. ಅಂಗಡಿಯವನು ಸಮಾಧಾನವಾಗಿ ಈಗ ಎಷ್ಟು ಲೋಡಿದೆ ಎಂದು ಕೇಳಿದ. ಒಂದೇ ಟನ್ನು ಎಂದ ಚನ್ನೇಶ್. ಹಾಗಾದರೆ ಸ್ಪ್ರಿಂಗು ಸರಿಯಾಗೇ ಇದೆ, ರಿಂಗನ್ನು ಎರಡು ಸುತ್ತು ಬಿಗಿ ಮಾಡಿಸಿ ಎಂದು ಅವನು ಫೋನಿಟ್ಟ. ಚನ್ನೇಶನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಷ್ಟು ದೊಡ್ಡ ಅಂಗಡಿ ಇಟ್ಟುಕೊಂಡವನಿಗೆ ಒಂದು ಟನ್ನು ಅಂದರೆ ಎಷ್ಟು ಅಂತ ಗೊತ್ತಾಗುವುದಿಲ್ಲವೇ?

ಸೊರಬ ಬಿಡುವ ಮೊದಲೇ ಯತೀಶನ ಗ್ಯಾರೇಜು ಸಿಕ್ಕಿತು. ಯತೀಶ ಓದಿದ ಮೆಕ್ಯಾನಿಕ್. ಮೊಬೈಲಿನಲ್ಲಿ ಲೋಡಿನ ಲೆಕ್ಕದ ಪಟ್ಟಿ ನೋಡದೆ ಸ್ಪ್ಯಾನರ್ ಮುಟ್ಟುವವನಲ್ಲ. ಅವನೂ ಅದನ್ನೇ ಕೇಳಿದ, ಚನ್ನೇಶನೂ ಅದನ್ನೇ ಹೇಳಿದ. ಆಗ ಕ್ಯಾಬಿನ್ನಿನೊಳಗಿಂದ ಲೋಕಪ್ಪ ತಲೆ ಹೊರಗೆ ಹಾಕಿ, "ಒಂದೆಲ್ಲೈತಿ ಚನ್ನೇಶಪ್ಪ, ಮೂವತ್ತೆರಡು ಚೀಲ ನಾನೇ ಎಣಿಸೀನಿ..." ಎಂದ. ಡ್ರೈವರ್ ಸೀಟಿನಲ್ಲೇ ಕೂತಿದ್ದ ಚನ್ನೇಶ್ ಅವನ ತೊಡೆ ಹಿಡಿದು ಜಿಗುಟಿದ. ಲೋಕಪ್ಪ ಎಚ್ಚರಗೊಂಡವನಂತೆ, "ಹೂಂ ಹೂಂ, ಒಂದೇ ಟನ್ನು" ಎಂದು ಮುಗಿಸಿದ.

ಯತೀಶ ಪಟ್ಟಿ ನೋಡಿ ಸರಿಯಾಗಿ ಎರಡು ಸುತ್ತು ತಿರುಗಿಸಿದ. ಗಾಡಿ ಎರಡು ಬೆರಳು ಮೇಲೆದ್ದಿತು. ಒಂದು ಟನ್ನಿಗೆ ಇದಕ್ಕಿಂತ ಹೆಚ್ಚು ಮಾಡಿದರೆ ಗಾಡಿ ಕುಣಿಯುತ್ತದೆ ಎಂದು ಎಚ್ಚರಿಕೆಯನ್ನೂ ಕೊಟ್ಟ.

"ಎಂತಕ್ಕೆ ಸುಳ್ಳು ಹೇಳ್ಬೇಕು ಮಾರಾಯ? ಅವ್ನು ಪೊಲೀಸಲ್ಲ, ಗಾಡಿ ಡಾಕ್ಟ್ರು" ಎಂದ ಲೋಕಪ್ಪ, ತೊಡೆ ಉಜ್ಜಿಕೊಳ್ಳುತ್ತ.

"ಡಾಕ್ಟ್ರ ಹತ್ರ ಕಾಂಪೌಂಡರ್ ಇರ್ತಾನೆ, ಕಾಂಪೌಂಡರ್‌ಗೆ ಭಾವ ಇರ್ತಾನೆ. ಮಾತು ಎಲ್ಲಿಗೆ ಹೋಗಿ ಮುಟ್ತದೆ ಅಂತ ಯಾರಿಗೆ ಗೊತ್ತು? ನೀನು ಸುಮ್ನೆ ಇರು ಲೋಕಪ್ಪಣ್ಣ. ಯಾರು ಕೇಳಿದ್ರೂ ಒಂದೇ ಟನ್ನು."

ಲೋಕಪ್ಪ ಪಾಠ ಕಲಿಯುವವನಂತೆ ತುಟಿಯಲ್ಲೇ ಎರಡು ಸಲ ಹೇಳಿಕೊಂಡ.

ಎರಡು ಬೆರಳಿನ ಎತ್ತರ ಮೊದಲ ಗುಂಡಿಗೇ ಕರಗಿತು. ಅಲ್ಲಿಂದ ಶಿರಾಳಕೊಪ್ಪದವರೆಗೆ ಗಾಡಿ ಹೋಗಲಿಲ್ಲ, ತೆವಳಿತು. ಹಿಂದೆ ಬಂದ ಬಸ್ಸಿನ ಕಂಡಕ್ಟರ್ ಕಿಟಕಿಯಿಂದ ಬಗ್ಗಿ, ಚಕ್ರ ಮನೇಲೇ ಬಿಟ್ಟು ಬಂದಿರೇನ್ರೀ ಎಂದು ಕೇಳಿದ. ಬೈಕಿನವರೊಬ್ಬರು ಜೊತೆಜೊತೆಗೇ ಬಂದು, ಹೊಗೆ ಎಲ್ಲಿಂದ ಬರುತ್ತಿದೆ, ಯಾಕೆ ಬರುತ್ತಿದೆ, ತಮ್ಮ ಷಡ್ಡಕನ ಗಾಡಿಯಲ್ಲಿ ಹೀಗೇ ಬಂದಾಗ ಏನಾಯಿತು ಎಂಬುದನ್ನೆಲ್ಲ ವಿವರಿಸಿದರು. ಆ ಷಡ್ಡಕನ ಗಾಡಿ ಸುಟ್ಟುಹೋಗಿತ್ತು. ರಬ್ಬರಿನ ವಾಸನೆಗೆ ಟಗರು ಸೀನುತ್ತಿತ್ತು. ಚನ್ನೇಶನ ಸಿಟ್ಟು ಅಂಗಡಿಯವನಿಂದ ಯತೀಶನಿಗೆ, ಯತೀಶನಿಂದ ರಸ್ತೆ ಮಾಡಿಸಿದವರಿಗೆ, ಅವರಿಂದ ಸ್ಪ್ರಿಂಗನ್ನು ಕಂಡುಹಿಡಿದವನವರೆಗೆ ಬೆಳೆಯುತ್ತ ಹೋಯಿತು. ಸುರೇಂದ್ರನ ಗ್ಯಾರೇಜು ಮುಟ್ಟಿದಾಗ ಗಂಟೆ ಒಂದು.

"ಎಂಥ ಕೆಲಸ ಮಾಡಿದೀಯಾ ನೀನು?" ಎಂದು ಕೂಗುತ್ತಲೇ ಚನ್ನೇಶ್ ಗಾಡಿಯಿಂದ ಇಳಿದ. ಊಟಕ್ಕೆ ಕೂರಲಿದ್ದ ಸುರೇಂದ್ರನಿಗೆ ರೋಷ ಬಂತು. ಇಪ್ಪತ್ತು ವರ್ಷದ ತನ್ನ ಕೈಕೆಲಸಕ್ಕೆ ಯಾರೂ ಹೆಸರಿಟ್ಟಿಲ್ಲ ಎಂದ. ಪಕ್ಕದ ಟೀ ಅಂಗಡಿಯ ತಾಯಮ್ಮ ಹೊರಗೆ ಬಂದಳು. ಟೀ ಕುಡಿಯುತ್ತಿದ್ದವರು ಗ್ಲಾಸು ಹಿಡಿದುಕೊಂಡೇ ಬಂದರು. ಅವರಲ್ಲಿ ಚೌಕಳಿ ಅಂಗಿಯ ಒಬ್ಬರು ತಮ್ಮ ಜೀಪಿನ ಪಂಕ್ಚರ್ ಹಾಕುವುದನ್ನು ಕಾಯುತ್ತಿದ್ದರು.

ಸುರೇಂದ್ರ ಎಲ್ಲರ ಎದುರೇ ಕೇಳಿದ: "ಎಷ್ಟ್ ಲೋಡ್ ಐತ್ರೀ?"

"ಒಂದೇ ಟನ್ನು."

"ಒಂದು ಟನ್ನಿಗೆ ನಾನು ಕೂರಿಸಿದ ಸ್ಪ್ರಿಂಗು ಹಿಂಗ್ ಬಗ್ಗಲ್ಲ. ಬಗ್ಗಿದ್ರೆ ನಾಳೆಯಿಂದ ಅಂಗಡಿ ಮುಚ್ತೀನಿ. ಎಲ್ರೂ ನೋಡ್ರಿ, ಈ ಮನುಷ್ಯ ನನ್ನ ಹೆಸರು ಕೆಡಿಸಾಕೆ ಬಂದಾನ" ಎಂದು ಸುರೇಂದ್ರ ಊಟದ ಡಬ್ಬಿಯ ಮುಚ್ಚಳ ತೆಗೆದ. ಜನ ಚನ್ನೇಶನ ಕಡೆ ತಿರುಗಿದರು. ಪಾಪ ಸುರೇಂದ್ರ ಎಂದಳು ತಾಯಮ್ಮ. ಚನ್ನೇಶ್ ಗಡಿಯಾರ ನೋಡಿದ. ಕಣ್ಣೆದುರು ಈಶ್ವರ ಬಂದು ಹಲ್ಲು ಕಿರಿದ. ಬೆಳಿಗ್ಗೆಯಿಂದ ಒಳಗೇ ಕುದ್ದದ್ದೆಲ್ಲ ಒಮ್ಮೆಲೇ ಉಕ್ಕಿ ಬಂತು.

"ಕಣ್ಣು ಕಾಣಲ್ವೇನ್ರೀ ನಿಮಗೆಲ್ಲ? ಒಂದು ಟನ್ನು ಅಂದ್ರೆ ಯಾವ ದಡ್ಡನಾದ್ರೂ ನಂಬ್ತಾನೇನ್ರೀ? ಎರಡು ಟನ್ ಇದೆ! ಇವತ್ತೂ ಎರಡು, ನಿನ್ನೆಯೂ ಎರಡು, ಹನ್ನೆರಡು ವರ್ಷದಿಂದ ಎರಡು!"

ಸುರೇಂದ್ರ ಡಬ್ಬಿ ಮುಚ್ಚಿಟ್ಟು, ಮೊದಲೇ ಹೇಳಬಾರದಿತ್ತಾ ಎಂದು ಗೊಣಗುತ್ತ ಜಾಕು ತಳ್ಳಿದ. ರಿಂಗನ್ನು ಹೆಚ್ಚುಕಡಿಮೆ ಕೊನೆಯವರೆಗೆ ಬಿಗಿದ. ಗಾಡಿ ಎದ್ದು ನಿಂತಿತು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಒಂದು ಗೇಣು ಬೆಳಕು ಕಂಡಿತು. ಚನ್ನೇಶನ ಎದೆ ಹಗುರವಾಯಿತು. ನಿಜ ಹೇಳುವುದರಲ್ಲಿ ಇಷ್ಟು ಸುಖವಿದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಚೌಕಳಿ ಅಂಗಿಯವರು ಗ್ಲಾಸನ್ನು ತಾಯಮ್ಮನ ಕೈಗೆ ಕೊಟ್ಟು ಹತ್ತಿರ ಬಂದರು. "ಎಷ್ಟು ಟನ್ ಅಂದ್ರಿ?" ಎಂದು ತುಂಬ ಗೌರವದಿಂದ ಕೇಳಿದರು.

ಚನ್ನೇಶನಿಗಿಂತ ಮೊದಲು ಲೋಕಪ್ಪ ಕಿಟಕಿಯಿಂದ ಹೇಳಿದ: "ಒಂದೇ ಟನ್ನು ಸ್ವಾಮಿ."

ಅವರು ನಕ್ಕು ಜೇಬಿನಿಂದ ಗುರುತಿನ ಚೀಟಿ ತೆಗೆದರು. ಸಾರಿಗೆ ಇಲಾಖೆಯ ಇನ್ಸ್‌ಪೆಕ್ಟರ್; ಖಾಕಿ ಇಲ್ಲದ್ದರಿಂದ ಚನ್ನೇಶನಿಗೆ ಗುರುತು ಸಿಕ್ಕಿರಲಿಲ್ಲ. ಈ ರಸ್ತೆಯಲ್ಲಿ ಮೂರು ಸಲ ಈ ಗಾಡಿ ನಿಲ್ಲಿಸಿದ್ದೇನೆ, ಮೂರು ಸಲವೂ ಒಂದೇ ಟನ್ನು ಎಂದಿದ್ದೀರಿ, ಇವತ್ತು ಕೇಳದೆಯೇ ಹನ್ನೆರಡು ವರ್ಷದ್ದು ಹೇಳಿದಿರಿ ಎಂದರು. ಹೆಚ್ಚಿನ ಹದಿನಾರು ಚೀಲ ಅಲ್ಲೇ ಇಳಿಸಬೇಕು. ಇನ್ನು ಮುಂದೆ ಈ ಗಾಡಿಯ ಮೇಲೆ ಒಂದು ಟನ್ನಿಗಿಂತ ಒಂದು ಚೀಲ ಹೆಚ್ಚು ಕಂಡರೂ ಪರ್ಮಿಟ್ ಉಳಿಯುವುದಿಲ್ಲ. ಇಷ್ಟನ್ನೂ ಅವರು ದನಿ ಎತ್ತರಿಸದೆಯೇ ಹೇಳಿದ್ದು ಚನ್ನೇಶನನ್ನು ಇನ್ನೂ ಉರಿಸಿತು.

ಪರಮಶಿವಪ್ಪನವರಿಗೆ ಫೋನು ಹೋಯಿತು. ಮುಕ್ಕಾಲು ಗಂಟೆಯಲ್ಲಿ ಈಶ್ವರನ ಹಳೇ ಪಿಕಪ್ ಬಂತು. ಹದಿನಾರು ಚೀಲ ಹೇರಿಕೊಂಡು, ಹಾರನ್ ಹೊಡೆದು ಮುಂದೆ ಹೋಯಿತು. ಮಾಲೇನೋ ಹೊತ್ತಿಗೆ ಸರಿಯಾಗಿ ಲಾರಿ ಮುಟ್ಟಿತು. ಇನ್ನು ಸೀಸನ್ ಮುಗಿಯುವವರೆಗೆ ಅರ್ಧ ನಿನಗೆ, ಅರ್ಧ ಈಶ್ವರನಿಗೆ ಎಂದು ಪರಮಶಿವಪ್ಪನವರು ಫೋನಿನಲ್ಲೇ ತೀರ್ಪು ಕೊಟ್ಟರು.

ಆದರೆ ಎರಡು ಟನ್ನಿಗೆ ಬಿಗಿದ ಗಾಡಿ ಒಂದು ಟನ್ನಿಗೆ ಬಗ್ಗಬೇಕಲ್ಲ. ಶಿಕಾರಿಪುರದವರೆಗೂ ಗಾಡಿ ಕುಣಿಯಿತು. ಖಾಲಿಯಾಗಿ ತಿರುಗಿ ಬರುವಾಗಂತೂ ಪ್ರತಿ ಗುಂಡಿಗೂ ಚನ್ನೇಶನ ತಲೆ ಮೇಲಿನ ತಗಡಿಗೆ ಬಡಿಯಿತು. ಟಗರು ಒಪ್ಪಿಸಿ ಬಂದಿದ್ದ ಲೋಕಪ್ಪ, ಟಗರೇ ಪುಣ್ಯವಂತ ಎಂದ. ಒಂದು ಟನ್ನಿಗೆಂದೇ ಬಂದ ಸ್ಪ್ರಿಂಗು ಒಂದು ಟನ್ನಿಗೆ ಹೇಳಿ ಮಾಡಿಸಿದಂತಿತ್ತು ಎಂಬುದು ಚನ್ನೇಶನಿಗೆ ಈಗ ಹೊಳೆಯಿತು. ರಿಂಗು ಹಿಂದಕ್ಕೆ ತಿರುಗಿಸಿದರಾಯಿತು, ಮುಗಿಯಿತು. ಸುರೇಂದ್ರ ಬೇಗ ಬಾಗಿಲು ಹಾಕಿ ಹೋಗಿದ್ದರಿಂದ, ಸಂಜೆ ಸೊರಬದಲ್ಲಿ ಗಾಡಿ ಯತೀಶನ ಮುಂದೆ ನಿಂತಿತು.

"ರಿಂಗು ಸಡಿಲ ಮಾಡು ಯತೀಶ. ಬೆಳಿಗ್ಗೆ ನೀನು ಇಟ್ಟ ಲೆಕ್ಕಕ್ಕೇ ಇಡು" ಎಂದ ಚನ್ನೇಶ್, ನೆತ್ತಿಯ ಬುಗುಟು ಸವರಿಕೊಳ್ಳುತ್ತ.

ಯತೀಶ ಮೊಬೈಲ್ ತೆಗೆಯಲಿಲ್ಲ. ಕೈ ಕಟ್ಟಿ ನಿಂತು, "ಎಷ್ಟು ಲೋಡ್ ಹಾಕ್ತೀರಿ?" ಎಂದ.

"ಒಂದೇ ಟನ್ನು. ಬಸವಣ್ಣನಾಣೆ, ಒಂದೇ ಟನ್ನು."

"ಸುರೇಂದ್ರ ಫೋನ್ ಮಾಡಿದ್ದ" ಎಂದ ಯತೀಶ. "ಎರಡು ಟನ್ ಗಾಡಿಗೆ ಎರಡು ಸುತ್ತು ತಿರುಗಿಸಿದ ಜಾಣ ಯಾರು ಅಂತ ಶಿರಾಳಕೊಪ್ಪದಲ್ಲೆಲ್ಲ ನಗ್ತಾ ಇದಾರಂತೆ. ಬೆಳಿಗ್ಗೆ ನಿಮ್ಮ ಮಾತು ನಂಬಿ ಮಾನ ಕಳ್ಕೊಂಡೆ. ಇನ್ನೊಂದು ಸಲ ಇಲ್ಲ."

ಚನ್ನೇಶ್ ಲೋಕಪ್ಪನ ಕಡೆ ನೋಡಿದ. ಲೋಕಪ್ಪ ಮನಸಾರೆ ಮುಂದೆ ಬಂದ. "ನಿಜವಾಗ್ಲೂ ಒಂದೇ ಟನ್ನು ಕಣಪ್ಪ" ಎಂದ.

"ಬೆಳಿಗ್ಗೆ ನೀವೂ ಇದನ್ನೇ ಅಂದ್ರಿ" ಎಂದು ಯತೀಶ ಸ್ಪ್ಯಾನರ್ ಹಿಡಿದು ಗಾಡಿಯ ಕೆಳಗೆ ನುಸುಳಿದ. ಸುರೇಂದ್ರ ಇನ್ನೂ ಎರಡು ಸುತ್ತು ಉಳಿಸಿದ್ದ. ಯತೀಶ ಅದನ್ನೂ ಬಿಗಿ ಮಾಡಿ ಎದ್ದು ಬಂದು, ಈಗ ನಿಮ್ಮ ಒಂದು ಟನ್ನಿಗೆ ಸರಿಹೋಯಿತು ಎಂದು ಕೈ ಒರೆಸಿಕೊಂಡ.