ತಾಯಿಯಾದ ಕಾಲುಚೀಲ

ಬೆಳಗ್ಗೆ ಎದ್ದು ಹಿತ್ತಲ ಬಾಗಿಲು ತೆಗೆದು, ಕೈಮುಗಿದು, ಒಂದು ಹಕ್ಕಿಯಾದರೂ ಕೂಗುವವರೆಗೆ ಸುಮ್ಮನೆ ನಿಲ್ಲದೆ ಹಕ್ಕಿಯಮ್ಮ ಒಂದು ಗುಟುಕು ನೀರೂ ಕುಡಿದವಳಲ್ಲ. ಜ್ವರ ಬಂದರೂ ಅಷ್ಟೇ, ನೆಂಟರು ಬಂದರೂ ಅಷ್ಟೇ.

"ದೇವರಿಗೆ ಹೇಳೋದಕ್ಕಿಂತ ದೇವರು ಹೇಳೋದನ್ನ ಕೇಳೋದು ವಾಸಿ" ಎನ್ನುವುದು ಅವಳ ವಾದ.

"ನನ್ನ ಮಾತನ್ನೂ ಹೀಗೇ ಕೇಳಿದ್ದಿದ್ರೆ!" ಎನ್ನುವುದು ಯಜಮಾನರ ಗೊಣಗಾಟ.

ಅಂಥ ಒಂದು ಬೆಳಗ್ಗೆ ಕೂಗಿದ ಹಕ್ಕಿ ಮರದ ಮೇಲಿರಲಿಲ್ಲ, ಚರಂಡಿಯಲ್ಲಿತ್ತು. ರಾತ್ರಿಯ ಗಾಳಿಗೆ ಗೂಡು ಸಮೇತ ಉದುರಿದ ಕಾಗೆಮರಿ. ಪಕ್ಕದಲ್ಲೇ ತಾಯಿ ಸತ್ತು ಬಿದ್ದಿತ್ತು. ಮರಿಯ ಮೈಯಲ್ಲಿ ಗರಿಗಿಂತ ಬಾಯಿಯೇ ಹೆಚ್ಚು!

ತಬ್ಬಲಿ ಹಕ್ಕಿಗಳನ್ನು ಸಾಕಿ ಹಾರಿಬಿಡುವುದು ಅವಳಿಗೆ ಹೊಸದಲ್ಲ. ಓದಿ ಕಲಿತ ವಿದ್ಯೆಯಲ್ಲ, ಕೈ ಸುಟ್ಟುಕೊಂಡು ಕಲಿತದ್ದು. ಹಿಂದೆ ಸಾಕಿದ್ದ ಗೊರವಂಕ ಅವಳಿಗೆ ಎಷ್ಟು ಅಂಟಿಕೊಂಡಿತ್ತೆಂದರೆ, ಹಾರಿಬಿಟ್ಟ ಮೇಲೂ ಕಂಡಕಂಡವರ ಹೆಗಲೇರಿ, ಕೊನೆಗೆ ಬೆಕ್ಕಿನ ಬಾಯಿಗೂ ಅದೇ ನಂಬಿಕೆಯಿಂದ ಹೋಯಿತು. ಈಗಲೂ ಎಲ್ಲಾದರೂ ಗೊರವಂಕ ಕೂಗಿದರೆ ಅವಳ ಕೈಯ ಕೆಲಸ ನಿಲ್ಲುತ್ತದೆ.

"ಈ ಸಲ ನೋಡ್ತಿರಿ! ಇದಕ್ಕೆ ನನ್ನ ಮುಖಾನೇ ತೋರಿಸಲ್ಲ. ಮನುಷ್ಯರು ಅಂತ ಒಂದು ಜಾತಿ ಇದೆ ಅನ್ನೋದೇ ಗೊತ್ತಾಗದ ಹಾಗೆ ಬೆಳೆಸ್ತೀನಿ!" ಎಂದು ಘೋಷಿಸಿ, ಯಜಮಾನರ ಆಫೀಸಿನ ಕಪ್ಪು ಕಾಲುಚೀಲವನ್ನು ಕೈಗೆ ತೊಟ್ಟಳು. ತುದಿಗೆ ಕೊಕ್ಕು ಹೊಲಿದಳು, ಬಾಯೊಳಗೆ ಕೆಂಪು ಬಟ್ಟೆ ಇಟ್ಟಳು, ಕಣ್ಣಿಗೆ ಎರಡು ಗುಂಡಿ. ತಾಯಿಕಾಗೆ ತಯಾರು!

"ರೀ, ಇದರ ಜೋಡೀನೂ ಕೊಡಿ. ಒಂದನ್ನ ಒಗೆಯೋಕೆ ಹಾಕಿದಾಗ ಮರಿ ಉಪವಾಸ ಇರೋಕಾಗತ್ತಾ?"

"ಮತ್ತೆ ನಾನು ಬರಿಗಾಲಲ್ಲಿ ಹೋಗಬೇಕಾ?"

"ಹೋಗಿ. ಕಾಗೆ ಏನು ಬೂಟು ಹಾಕ್ಕೊಂಡು ಓಡಾಡತ್ತಾ?"

ಮುಖಕ್ಕೆ ಮುಸುಕು, ಬಾಯಿಗೆ ಬೀಗ. ಮರಿ ಕಾಲುಚೀಲದ ಕೊಕ್ಕಿನಿಂದ ಬೇಯಿಸಿದ ಮೊಟ್ಟೆ ತಿಂದು, ಅದಕ್ಕೇ ತಲೆಯಾನಿಸಿ ನಿದ್ದೆ ಹೋಗುತ್ತಿತ್ತು. ಒಳಗಿನ ಬೆರಳುಗಳಿಗೆ ಆ ಪುಟ್ಟ ತಲೆಯ ಬಿಸಿ ತಾಕುತ್ತಿತ್ತು. ಒಮ್ಮೆ, ಒಂದೇ ಒಂದು ಸಲ, ಅದು ತನ್ನ ಮುಖ ನೋಡಿ ಬಾಯಿ ತೆರೆಯಲಿ ಎಂದು ಅವಳ ಜೀವ ಹಂಬಲಿಸುತ್ತಿತ್ತು. ಆಗೆಲ್ಲ ಮುಸುಕನ್ನು ಇನ್ನಷ್ಟು ಬಿಗಿದುಕೊಳ್ಳುತ್ತಿದ್ದಳು.

ರೆಕ್ಕೆ ಬಲಿಯಿತು. ಪಂಜರದ ಬಾಗಿಲು ತೆರೆದಳು. ಸರಿಯಾಗಿ ಅದೇ ಹೊತ್ತಿಗೆ ಯಜಮಾನರ ಅಣ್ಣ ದಯಮಾಡಿಸಿದರು. ನಿವೃತ್ತ ಹೆಡ್‌ಮಾಸ್ಟರು, ಅವರೆದುರು ಗೋಡೆಯ ಹಲ್ಲಿಯೂ ಲೊಚಗುಟ್ಟಲು ಹೆದರುತ್ತದೆ. ಬೂಟು ಕಳಚಿ, ಕಾಲ ಮೇಲೆ ಕಾಲು ಹಾಕಿ ಕುರ್ಚಿಯಲ್ಲಿ ವಿರಾಜಮಾನರಾದರು. ಕಪ್ಪು ಕಾಲುಚೀಲ! ತುದಿಯಲ್ಲೊಂದು ತೂತು! ತೂತಿನಲ್ಲಿ ಕೆಂಪಗೆ ಇಣುಕುವ ಹೆಬ್ಬೆರಳು!

ಕುಪ್ಪಳಿಸುತ್ತ ಒಳಬಂದ ಮರಿಗೆ ಹೆಡ್‌ಮಾಸ್ಟರು ಕಾಣಲೇ ಇಲ್ಲ, ಅಮ್ಮ ಕಂಡಳು. ರೆಕ್ಕೆ ನಡುಗಿಸಿ, ಬಾಯಗಲಿಸಿ ಬೇಡಿತು. ಅಮ್ಮ ಕೊಡಲಿಲ್ಲ. ಕೊಡದಿದ್ದರೆ ಅಮ್ಮನ ಬಾಯಿಂದ ಕಿತ್ತುಕೊಳ್ಳಬೇಕಷ್ಟೇ! ಹೆಬ್ಬೆರಳನ್ನು ಕಚ್ಚಿ ಜಗ್ಗಿತು.

"ಅಯ್ಯಯ್ಯೋ! ಹಾವು! ಹಾವು!"

"ಕಾಗೆ ಅಣ್ಣಾ, ಬರೀ ಕಾಗೆ!" ಎಂದರು ಯಜಮಾನರು.

"ಕಾಗೆಗೆ ನನ್ನ ಕಾಲೇ ಬೇಕಿತ್ತೇನೋ?" ಎನ್ನುತ್ತ ಅವರು ಮೇಜು ಹತ್ತಿದರು. ನೀರಿನ ಹೂಜಿ ಉರುಳಿತು.

"ಭಾವ, ಕಾಲು ಅಲ್ಲಾಡಿಸಬೇಡಿ! ಅಲ್ಲಾಡಿಸಿದ್ರೆ ಊಟ ಬಂತು ಅಂದ್ಕೊಳ್ಳತ್ತೆ!" ಎಂದು ಮುಸುಕು ಹಾಕಿಕೊಂಡೇ ಓಡಿಬಂದ ಹಕ್ಕಿಯಮ್ಮನನ್ನು ಕಂಡು ಭಾವ ಮೊದಲಿಗಿಂತ ಜೋರಾಗಿ ಕಿರುಚಿದರು.

ಅಂದೇ ಮನೆಯ ಕಪ್ಪು ಕಾಲುಚೀಲಗಳೆಲ್ಲ ಪೆಟ್ಟಿಗೆಯೊಳಗೆ ಸೆರೆಯಾದವು. ಮರಿಯ ಮನಸ್ಸಿಗೆ ಬೀಗ ಹಾಕುವವರು ಯಾರು? ನೆರೆಮನೆಯ ಹಗ್ಗದಲ್ಲಿ ಒಣಗುತ್ತಿದ್ದ ಒಂಟಿ ಕಾಲುಚೀಲದ ಪಕ್ಕ ಕುಳಿತು, ಅದರತ್ತ ಬಾಯಿ ತೆರೆದು ಕಾಯುತ್ತಿತ್ತು. ಚೀಲ ಗಾಳಿಗೆ ಅಲ್ಲಾಡಿದರೆ ಇನ್ನಷ್ಟು ಅಗಲಕ್ಕೆ ತೆರೆಯುತ್ತಿತ್ತು. ಅದರೊಳಗೆ ಇದ್ದವಳು ನಾನು ಕಣೋ, ಇಲ್ಲಿ ನೋಡೋ ಎಂಬ ಕೂಗು ಕಿಟಕಿಯ ಹಿಂದೆ ನಿಂತ ಹಕ್ಕಿಯಮ್ಮನ ಮುಸುಕಿನೊಳಗೇ ಉಳಿಯುತ್ತಿತ್ತು.

ಕೊನೆಗೆ ಹಕ್ಕಿಗಳ ಡಾಕ್ಟರಮ್ಮ ಬಂದು ನೋಡಿದರು. ಎದುರಿನ ನೀರಿನ ಟ್ಯಾಂಕಿನ ಮೇಲೆ ಕಾಗೆಗಳ ಸಭೆ. ಇವಳ ಮರಿ ಒಂದು ಮಾರು ದೂರದಲ್ಲಿ ಒಬ್ಬಂಟಿ.

"ಗುಂಪಿಗೆ ಸೇರೋದು ಅನುಮಾನ ಕಣಮ್ಮಾ. ನೀವೇ ಇಟ್ಕೊಂಡ್ಬಿಡಿ, ಅರಣ್ಯ ಇಲಾಖೆ ಅನುಮತಿ ನಾನು ಕೊಡಿಸ್ತೀನಿ. ಇನ್ನು ಮುಸುಕೂ ಬೇಡ."

ಅವಳ ಮುಖ ಒಮ್ಮೆ ಅರಳಿತು.

"ಇಟ್ಕೊಳ್ಳೇ ಪಾಪ. ನಾನು ಇನ್ನೊಂದು ಜೊತೆ ಕಾಲುಚೀಲ ತಂದ್ಕೊಂಡ್ರಾಯ್ತು" ಎಂದರು ಯಜಮಾನರು, ಎಂದೂ ಇಲ್ಲದ ಮೆಲುದನಿಯಲ್ಲಿ.

ಟ್ಯಾಂಕಿನ ಮೇಲೆ ಮರಿ ಕುಪ್ಪಳಿಸಿ ಗುಂಪಿನ ಹತ್ತಿರ ಸರಿಯಿತು. ಮುದಿ ಕಾಗೆಯೊಂದು ತಲೆಗೆ ಕುಕ್ಕಿತು. ಮರಿ ಹಿಂದಕ್ಕೆ ಹಾರಿತು. ಮೈ ಕೊಡವಿಕೊಂಡು, ಮತ್ತೆ ಸರಿಯಿತು.

ಹಕ್ಕಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬೇಡ ಡಾಕ್ಟ್ರಮ್ಮಾ. ಅಲ್ಲಿ ನಾಲ್ಕು ಏಟು ತಿಂದಾದ್ರೂ ಕಾಗೆ ಆಗತ್ತೆ. ಇಲ್ಲಿಟ್ಕೊಂಡ್ರೆ ನಾನೇನು ಅದಕ್ಕೆ ಅಮ್ಮ ಆಗ್ತೀನಾ? ಸಾಯೋತನಕ ಇವರ ಕಾಲೇ ಅಮ್ಮ!"